ಎದೆಗೆ ಸ್ಪ್ರೂಸ್, ಬೆನ್ನಿಗೆ ಪ್ಲೈವುಡ್: ಡಬಲ್ ಬಾಸ್ ಆಯ್ಕೆಯ ಲೆಕ್ಕಾಚಾರ

ಡಬಲ್ ಬಾಸ್ ಕೊಳ್ಳಲು ಹೊರಟವರ ಮುಂದೆ ಮೂರು ಮೆಟ್ಟಿಲುಗಳಿರುತ್ತವೆ. ಕೆಳಗಿನದು ಮೈಯೆಲ್ಲ ಪ್ಲೈವುಡ್ಡಿನ ವಾದ್ಯ. ಮೇಲಿನದು ಮೈಯೆಲ್ಲ ಗಟ್ಟಿ ಮರದಲ್ಲಿ ಕೆತ್ತಿದ ವಾದ್ಯ. ನಡುವಿನದಕ್ಕೆ ಹೈಬ್ರಿಡ್ ಎಂದು ಹೆಸರು: ತಂತಿಗಳ ಕೆಳಗಿರುವ ಮೇಲ್ಹಲಗೆ ಮಾತ್ರ ಕೆತ್ತಿದ ಸ್ಪ್ರೂಸ್ ಮರದ್ದು, ಬೆನ್ನು ಮತ್ತು ಪಕ್ಕೆಗಳು ಪ್ಲೈವುಡ್ಡಿನವು. ಚೀನಾದ ಸೂಜೌ ನಗರದ ಸ್ಯಾಮ್ಯುಯೆಲ್ ಶೆನ್ ಕಾರ್ಖಾನೆಯ ಪಟ್ಟಿಯಲ್ಲೇ ಈ ಮೂರೂ ಸಾಲಾಗಿ ಸಿಗುತ್ತವೆ. ಎಸ್‌ಬಿ80 ಪ್ಲೈವುಡ್, ಎಸ್‌ಬಿ150 ಹೈಬ್ರಿಡ್, ಎಸ್‌ಬಿ180 ಪೂರ್ಣ ಕೆತ್ತನೆ. ಒಂದೇ ಕಾರ್ಖಾನೆ, ಹೆಚ್ಚುಕಡಿಮೆ ಒಂದೇ ಆಕಾರ. ಬೆಲೆ ಮಾತ್ರ ಮೆಟ್ಟಿಲು ಮೆಟ್ಟಿಲಿಗೂ ಜಿಗಿಯುತ್ತದೆ.

ಕೆಳಗಿನ ಮೆಟ್ಟಿಲಿನ ವಾದ್ಯ ಕೊಳ್ಳುವವರಿಗೆ ಅಂಥ ಗೊಂದಲವಿಲ್ಲ. ಕೈಯಲ್ಲಿರುವ ದುಡ್ಡು ಇಷ್ಟು, ಅದಕ್ಕೆ ಬರುವುದು ಇದು ಎಂದು ಅವರಿಗೆ ಗೊತ್ತು. ತಲೆನೋವು ಇರುವುದು ಎರಡನೆಯ ಮತ್ತು ಮೂರನೆಯ ಮೆಟ್ಟಿಲಿನ ನಡುವೆ. ಹೈಬ್ರಿಡ್ ಎಂಬುದು ಕೆತ್ತನೆಯ ವಾದ್ಯದ ಮುಕ್ಕಾಲು ಪಾಲೋ, ಪ್ಲೈವುಡ್ ವಾದ್ಯಕ್ಕೆ ಹಾಕಿದ ಒಳ್ಳೆಯ ಮುಖವೋ? ಬೆನ್ನಿಗೂ ಗಟ್ಟಿ ಮೇಪಲ್ ಬೇಕೆಂದು ಕೊಡುವ ಹೆಚ್ಚಿನ ದುಡ್ಡು ಕಿವಿಗೆ ಎಷ್ಟು ವಾಪಸು ಬರುತ್ತದೆ? ಈ ಪ್ರಶ್ನೆಗೆ ವಾದ್ಯ ಕಟ್ಟುವವರು, ನುಡಿಸುವವರು, ಧ್ವನಿವಿಜ್ಞಾನಿಗಳು ಬೇರೆಬೇರೆ ಕಡೆಯಿಂದ ಉತ್ತರ ಕೊಡುತ್ತಾ ಬಂದಿದ್ದಾರೆ. ಅವೆಲ್ಲವನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ಮಾತು ಧೈರ್ಯವಾಗಿ ಹೇಳಬಹುದು. ಬೆನ್ನಿನ ಮರದಿಂದ ನಾದದಲ್ಲಿ ವ್ಯತ್ಯಾಸ ಆಗುತ್ತದೆ, ಆದರೆ ಬೆಲೆಯಲ್ಲಿ ಆಗುವಷ್ಟು ಆಗುವುದಿಲ್ಲ. ವಾದ್ಯದ ಹಣೆಬರಹ ಬರೆಯುವುದು ಮೇಲ್ಹಲಗೆ ಮತ್ತು ಅದನ್ನು ತಿದ್ದಿದ ಕೈ. ಅದಾದ ಮೇಲೆ ಉಳಿಯುವ ಆಯ್ಕೆಯನ್ನು ವಾದ್ಯ ಇರಬೇಕಾದ ಊರಿನ ಹವೆ ಮತ್ತು ನುಡಿಸುವ ಬಗೆ ತೀರ್ಮಾನಿಸಬೇಕು.

ಮೂರು ಮೈಕಟ್ಟು

ಮೊದಲು ಈ ಮೈ ಹೇಗೆ ತಯಾರಾಗುತ್ತದೆ ಎಂದು ನೋಡಬೇಕು. ಕೆತ್ತನೆಯ ಬಾಸ್‌ನ ಮೇಲ್ಹಲಗೆಗೆ ಸ್ಪ್ರೂಸ್ ದಿಮ್ಮಿಯನ್ನು ಕೇಕಿನ ತುಂಡಿನ ಹಾಗೆ ಬೆಣೆಯಾಕಾರಕ್ಕೆ ಸೀಳುತ್ತಾರೆ. ಅಕ್ಕಪಕ್ಕದ ಎರಡು ಬೆಣೆಗಳನ್ನು ಪುಸ್ತಕದಂತೆ ಬಿಡಿಸಿ ನಡುವೆ ಅಂಟಿಸಿದರೆ ಎರಡೂ ಬದಿಯ ಎಳೆಗಳು ಜೋಡಿಯಾಗಿ ಕೂರುತ್ತವೆ. ಆಮೇಲೆ ಉಳಿ, ಉಜ್ಜುಗೊರಡುಗಳಿಂದ ಹೊರಗಿನ ಉಬ್ಬನ್ನು ತಂದು ಒಳಗಿನಿಂದ ತೋಡುತ್ತಾರೆ. ಹಲಗೆ ನಡುವೆ ದಪ್ಪ, ಅಂಚಿಗೆ ಹೋದಂತೆ ತೆಳು. ಈ ಏರಿಳಿತವನ್ನು ತೀರ್ಮಾನಿಸುವುದೇ ವಾದ್ಯ ಕಟ್ಟುವವನ ನಿಜವಾದ ವಿದ್ಯೆ. ಎಫ್ ಆಕಾರದ ರಂಧ್ರಗಳನ್ನು ಕೊರೆದ ಮೇಲೆ, ತಂತಿಗಳನ್ನು ಹೊರುವ ಬ್ರಿಡ್ಜಿನ ಒಂದು ಕಾಲಿನ ಕೆಳಗೆ ಉದ್ದಕ್ಕೂ ಬಾಸ್ ಬಾರ್ ಎಂಬ ಪಟ್ಟಿಯನ್ನು ಅಂಟಿಸುತ್ತಾರೆ. ಇನ್ನೊಂದು ಕಾಲಿನ ಹತ್ತಿರ, ಮೇಲ್ಹಲಗೆ ಮತ್ತು ಬೆನ್ನಿನ ನಡುವೆ, ಸೌಂಡ್‌ಪೋಸ್ಟ್ ಎಂಬ ಗೂಟ ಅಂಟಿಲ್ಲದೆ ಬರೀ ಒತ್ತಡದಿಂದ ನಿಂತಿರುತ್ತದೆ. ಬೆನ್ನು ಮತ್ತು ಪಕ್ಕೆಗಳಿಗೆ ಸಾಮಾನ್ಯವಾಗಿ ಮೇಪಲ್, ಕೆಲವೊಮ್ಮೆ ವಿಲೋ.

ಬೆನ್ನಿನಲ್ಲೂ ಎರಡು ಬಗೆ. ಪಿಟೀಲಿನಂತೆ ಉಬ್ಬಾಗಿ ಕೆತ್ತಿದ ಬೆನ್ನು ಒಂದು. ಹಳೆಯ ವಿಯೋಲಾ ದ ಗಾಂಬಾ ವಾದ್ಯಗಳಿಂದ ಬಂದ ಚಪ್ಪಟೆ ಬೆನ್ನು ಇನ್ನೊಂದು. ಚಪ್ಪಟೆ ಬೆನ್ನು ತಾನಾಗಿ ಬಾಗದಂತೆ ಒಳಗೆ ಅಡ್ಡಪಟ್ಟಿಗಳನ್ನು ಕೂರಿಸುತ್ತಾರೆ. ಈ ಅಡ್ಡಪಟ್ಟಿಗಳ ವಿಚಾರ ಮುಂದೆ ಹವೆಯ ಮಾತು ಬಂದಾಗ ಮತ್ತೆ ಬೇಕಾಗುತ್ತದೆ.

ಪ್ಲೈವುಡ್ ಮೈಯ ದಾರಿಯೇ ಬೇರೆ. ತೆಳುವಾದ ಮರದ ಹಾಳೆಗಳನ್ನು ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡವಾಗುವಂತೆ ಪೇರಿಸಿ, ನಡುನಡುವೆ ಅಂಟು ಹಚ್ಚಿ, ಉಬ್ಬಿನ ಆಕಾರದ ಬಿಸಿ ಅಚ್ಚಿನಲ್ಲಿ ಒತ್ತುತ್ತಾರೆ. ಅಚ್ಚು ತೆಗೆದರೆ ಬೆನ್ನು ಸಿದ್ಧ. ದಪ್ಪ ಎಲ್ಲ ಕಡೆ ಒಂದೇ. ಕೆತ್ತನೆಯಲ್ಲಿ ದಿನಗಟ್ಟಲೆ ಹಿಡಿಯುವ ಕೆಲಸ ಇಲ್ಲಿ ಯಂತ್ರದ ಒಂದು ಒತ್ತಿಗೆ ಮುಗಿಯುತ್ತದೆ, ಮರವೂ ಪೋಲಾಗುವುದಿಲ್ಲ. ಹೈಬ್ರಿಡ್ ಈ ಎರಡು ದಾರಿಗಳನ್ನು ಒಂದೇ ವಾದ್ಯದಲ್ಲಿ ಸೇರಿಸುತ್ತದೆ. ನಾದಕ್ಕೆ ಅತಿ ಮುಖ್ಯವಾದ ಹಲಗೆಗೆ ಕೈಕೆಲಸ, ಉಳಿದ ಮೈಗೆ ಅಚ್ಚಿನ ಕೆಲಸ.

ಹೈಬ್ರಿಡ್ ಎಂಬ ಹೆಸರಿಗೆ ಕಟ್ಟುನಿಟ್ಟಾದ ಮಾನದಂಡವಿಲ್ಲ ಎಂಬುದನ್ನು ಕೊಳ್ಳುವವರು ನೆನಪಿಡಬೇಕು. ಪಕ್ಕೆಗಳು ಮಾತ್ರ ಪ್ಲೈವುಡ್ಡಾಗಿ ಬೆನ್ನು ಗಟ್ಟಿ ಮರದ್ದಾಗಿರುವ ವಾದ್ಯಗಳೂ ಇವೆ. ‘ಗಟ್ಟಿ ಮರದ ಮೇಲ್ಹಲಗೆ’ ಎಂದು ಬರೆದಿರುವುದೆಲ್ಲ ಕೆತ್ತಿದ್ದೇ ಆಗಿರಬೇಕೆಂದಿಲ್ಲ. ತೆಳು ಹಲಗೆಯನ್ನು ಬಿಸಿಮಾಡಿ ಅಚ್ಚಿನಲ್ಲಿ ಒತ್ತಿ ಉಬ್ಬಿಸುವ ಪದ್ಧತಿಯೂ ಇದೆ. ಅಂಥ ಹಲಗೆಯಲ್ಲಿ ನಡುದಪ್ಪ-ಅಂಚುತೆಳುವಿನ ಏರಿಳಿತ ಇರುವುದಿಲ್ಲ. ಹಲಗೆ ಗಟ್ಟಿ ಮರದ್ದೋ ಪ್ಲೈವುಡ್ಡೋ ಎಂಬ ಪರೀಕ್ಷೆಗೆ ಒಂದು ಸುಲಭ ದಾರಿ ಎಫ್ ರಂಧ್ರದ ಅಂಚನ್ನು ಬೆಳಕಿಗೆ ಹಿಡಿದು ನೋಡುವುದು. ಹೊರಮೈಯ ಎಳೆ ಹಲಗೆಯ ದಪ್ಪದೊಳಕ್ಕೂ ಮುಂದುವರಿದಿದ್ದರೆ ಗಟ್ಟಿ ಮರ. ಪದರ ಪದರವಾಗಿ ಕಂಡರೆ ಪ್ಲೈವುಡ್. ಬೆನ್ನಿಗೂ ಇದೇ ತರ್ಕ. ಹೊರಗೆ ಕಾಣುವ ಹುಲಿಪಟ್ಟೆಯ ಮೇಪಲ್ ಒಳಮೈಯಲ್ಲೂ ಅದೇ ಜಾಗದಲ್ಲಿ ಕಾಣದಿದ್ದರೆ ಅದು ಮೇಲೆ ಅಂಟಿಸಿದ ಹಾಳೆ.

ಪ್ಲೈವುಡ್ ಬಂದ ದಾರಿ

ಪ್ಲೈವುಡ್ ಬಾಸ್ ಎಂದರೆ ಕಳಪೆ ಎಂಬ ಭಾವನೆ ಬೇರೂರಿದೆ. ಅದರ ಇತಿಹಾಸ ಹಾಗೆ ಹೇಳುವುದಿಲ್ಲ. 1930ರ ದಶಕದ ಅಮೆರಿಕದಲ್ಲಿ ಸ್ವಿಂಗ್ ಸಂಗೀತದ ಬ್ಯಾಂಡುಗಳು ಹಬ್ಬಿದವು, ಶಾಲೆಗಳಲ್ಲಿ ವಾದ್ಯವೃಂದಗಳು ಹುಟ್ಟಿಕೊಂಡವು. ಬಸ್ಸಿನ ಮೇಲೆ, ರೈಲಿನಲ್ಲಿ, ಹೊಗೆ ತುಂಬಿದ ಕ್ಲಬ್ಬುಗಳಲ್ಲಿ ಬಾಳುವ ಅಗ್ಗದ ಬಾಸ್ ಬೇಕಾಯಿತು. ಅದೇ ಕಾಲದಲ್ಲಿ ಅಲ್ಯೂಮಿನಿಯಂ ತಗಡಿನಿಂದಲೂ ಬಾಸ್ ಮಾಡಿ ನೋಡಿದರು. ನಿಂತದ್ದು ಪ್ಲೈವುಡ್. ಶಿಕಾಗೋದ ಕೇ ಕಂಪನಿ 1937ರಿಂದ 1960ರ ದಶಕದ ಕೊನೆಯವರೆಗೂ ಇಂಥ ಬಾಸ್‌ಗಳನ್ನು ತಯಾರಿಸಿತು. ಕ್ಲೀವ್‌ಲ್ಯಾಂಡಿನಲ್ಲಿ ಅಮೆರಿಕನ್ ಸ್ಟ್ಯಾಂಡರ್ಡ್ ಮತ್ತು ಕಿಂಗ್, ನ್ಯೂಯಾರ್ಕಿನಲ್ಲಿ ಎಪಿಫೋನ್ ಅದೇ ದಾರಿ ಹಿಡಿದವು. ಕೇ ಕಂಪನಿಯ ಬಾಸ್ ವಿಭಾಗ ಮುಂದೆ ಎಂಗಲ್‌ಹಾರ್ಟ್ ಎಂಬ ಹೆಸರಿನಲ್ಲಿ ಮುಂದುವರಿಯಿತು.

ಎಲ್ವಿಸ್ ಪ್ರೆಸ್ಲಿಯ ಆರಂಭದ ದಿನಗಳ ಬಾಸ್ ವಾದಕ ಬಿಲ್ ಬ್ಲ್ಯಾಕ್ ನುಡಿಸುತ್ತಿದ್ದದ್ದು ಕೇ ಬಾಸ್. 1954ರಲ್ಲಿ ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ ಡ್ರಮ್ಮೇ ಇಲ್ಲದೆ ಆದ ಧ್ವನಿಮುದ್ರಣಗಳಲ್ಲಿ ತಾಳದ ಭಾರ ಹೊತ್ತದ್ದು ಅವನು ಬಾಸ್ ತಂತಿಗಳನ್ನು ಎಳೆದು ಹಲಗೆಗೆ ಬಡಿಯುತ್ತಿದ್ದ ಸದ್ದು. ಅವನ ಆ ಬಾಸ್ ಇಂದು ಪಾಲ್ ಮೆಕಾರ್ಟ್ನಿಯ ಬಳಿ ಇದೆ. ಆ ಸಂಗೀತಕ್ಕೆ ಬೇಕಾಗಿದ್ದದ್ದು ಒಣಗಿದ, ಗಕ್ಕನೆ ನಿಲ್ಲುವ ಪೆಟ್ಟು. ಪ್ಲೈವುಡ್ ಅದನ್ನು ಧಾರಾಳವಾಗಿ ಕೊಟ್ಟಿತು. ಇವತ್ತಿಗೂ ಬ್ಲೂಗ್ರಾಸ್, ರಾಕಬಿಲಿ ವಾದಕರು ಹಳೆಯ ಕೇ ಬಾಸ್‌ಗಳನ್ನು ಹುಡುಕಿಕೊಂಡು ಹೋಗುತ್ತಾರೆ.

ಯೂರೋಪಿನಲ್ಲಿ ಕೆತ್ತನೆಯ ಪರಂಪರೆ ಕಡಿಯದೆ ಸಾಗಿತು. ಜರ್ಮನಿಯ ಮಾರ್ಕ್‌ನ್ಯೂಕಿರ್ಶನ್ ಮತ್ತು ಮಿಟೆನ್‌ವಾಲ್ಡ್, ಫ್ರಾನ್ಸಿನ ಮಿರ್ಕೂರ್ ಪಟ್ಟಣಗಳು ತಲೆಮಾರುಗಳಿಂದ ಪಿಟೀಲು ಕುಟುಂಬದ ವಾದ್ಯಗಳಿಗೆ ಹೆಸರಾದವು. ಎರಡನೆಯ ಮಹಾಯುದ್ಧದ ನಂತರ ಬೊಹೆಮಿಯಾದಿಂದ ಹೊರದೂಡಲ್ಪಟ್ಟ ಜರ್ಮನ್ ಕುಶಲಕರ್ಮಿಗಳು ಬುಬೆನ್‌ರೋಯ್ಟ್‌ನಲ್ಲಿ ನೆಲೆಯೂರಿ ಹೊಸ ಕೇಂದ್ರವನ್ನೇ ಕಟ್ಟಿದರು. ರೊಮೇನಿಯಾದ ರೆಗಿನ್ ಪಟ್ಟಣದಲ್ಲಿ ಕಾರ್ಪಾಥಿಯನ್ ಕಾಡಿನ ಮರ ವಾದ್ಯಗಳಾಗಿ ಹೊರಬೀಳುತ್ತದೆ. ಕಳೆದ ಕೆಲವು ದಶಕಗಳಲ್ಲಿ ಚೀನಾದ ಕಾರ್ಖಾನೆಗಳು ಕೆತ್ತನೆಯ ಕೂಲಿಯನ್ನು ಎಷ್ಟು ಇಳಿಸಿದವೆಂದರೆ, ಹಿಂದೆ ಪ್ಲೈವುಡ್ಡಿಗೆ ಮಾತ್ರ ಸಾಕಾಗುತ್ತಿದ್ದ ದುಡ್ಡಿಗೆ ಕೆತ್ತಿದ ಮೇಲ್ಹಲಗೆಯೂ ಸಿಗುವಂತಾಯಿತು. ಹೈಬ್ರಿಡ್ ಇಂದು ಅಂಗಡಿಗಳಲ್ಲಿ ಇಷ್ಟು ಜಾಗ ಹಿಡಿದಿರುವುದರ ಹಿಂದೆ ಈ ಆರ್ಥಿಕ ಬದಲಾವಣೆಯಿದೆ.

ಬೆನ್ನು ಎಷ್ಟು ಹಾಡುತ್ತದೆ?

ಬಾಸ್‌ನ ಅತಿ ಕೆಳಗಿನ ಇ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಗಾಳಿಯಲ್ಲಿ ಅದರ ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಬಾಸ್ ಎಷ್ಟೇ ದೊಡ್ಡದಾಗಿ ಕಂಡರೂ ಇಂಥ ಅಲೆಯ ಮುಂದೆ ಪುಟ್ಟ ಪೆಟ್ಟಿಗೆ. ಪೆಟ್ಟಿಗೆಯೊಳಗಿನ ಗಾಳಿಯ ಸಹಜ ಅನುರಣನವೇ 60 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ಇ ತಂತಿಯ ಮೂಲಸ್ವರ ಹೊರಬರುವುದು ಕ್ಷೀಣವಾಗಿ. ನಮ್ಮ ಕಿವಿ ಅದರ ಮೇಲಿನ ಉಪಸ್ವರಗಳನ್ನು ಕೇಳಿ ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಅಂದ ಮೇಲೆ ಬಾಸ್‌ನ ‘ಗಾಂಭೀರ್ಯ’ ಎಂದು ನಾವು ಕರೆಯುವುದು ಬಹುಪಾಲು ಆ ಉಪಸ್ವರಗಳ ಹಂಚಿಕೆ. ಅದನ್ನು ನಿರ್ಧರಿಸುವುದು ತಂತಿಯ ಕಂಪನವನ್ನು ಬ್ರಿಡ್ಜಿನಿಂದ ನೇರವಾಗಿ ಪಡೆಯುವ ಮೇಲ್ಹಲಗೆ.

ಮೇಲ್ಹಲಗೆಗೆ ಸ್ಪ್ರೂಸ್ ಬೇಕೆನ್ನುವುದು ಬರೀ ಸಂಪ್ರದಾಯವಲ್ಲ. ಹಗುರವಾಗಿದ್ದೂ ಬಿರುಸಾಗಿರುವ ಮರ ಅದು. ಎಳೆಯ ಉದ್ದಕ್ಕೆ ಅದರ ಬಿರುಸು ಅಡ್ಡಕ್ಕಿರುವುದರ ಹತ್ತು ಪಟ್ಟಿಗೂ ಹೆಚ್ಚು. ಒಟ್ಟು ನೂರು ಕಿಲೋಗೂ ಹೆಚ್ಚು ಎಳೆತವಿರುವ ನಾಲ್ಕು ತಂತಿಗಳ ಒತ್ತನ್ನು ತಾಳಿಕೊಂಡೇ, ಅಡ್ಡಕ್ಕೆ ಸಲೀಸಾಗಿ ಬಳುಕಿ ಗಾಳಿಯನ್ನು ತಳ್ಳಲು ಈ ಗುಣ ಬೇಕು. ಪ್ಲೈವುಡ್‌ನಲ್ಲಿ ಅಡ್ಡ ಪದರಗಳು ಈ ವ್ಯತ್ಯಾಸವನ್ನು ಅಳಿಸಿಹಾಕುತ್ತವೆ. ತೂಕ ಹೆಚ್ಚುತ್ತದೆ, ಅಂಟಿನ ಪದರಗಳು ಕಂಪನವನ್ನು ನುಂಗುತ್ತವೆ. ಪೂರ್ಣ ಪ್ಲೈವುಡ್ ಬಾಸ್‌ಗೂ ಹೈಬ್ರಿಡ್‌ಗೂ ನಡುವಿನ ಅಂತರ ಯಾವ ಕಿವಿಗೂ ಗೊತ್ತಾಗುವಂತಿರುವುದು ಇದರಿಂದ.

ಇನ್ನು ಬೆನ್ನು. ಇದನ್ನು ಕುರಿತ ಹಳೆಯ, ದಿಟ್ಟ ಪ್ರಯೋಗವೊಂದು ನಡೆದದ್ದು ಗಿಟಾರಿನಲ್ಲಿ. ಸ್ಪೇನಿನ ಆಂಟೋನಿಯೋ ದೆ ತೋರೆಸ್ 1862ರಲ್ಲಿ ಬೆನ್ನು, ಪಕ್ಕೆಗಳನ್ನು ಕಾಗದದ ರಟ್ಟಿನಿಂದ ಮಾಡಿ, ಮೇಲ್ಹಲಗೆ ಮಾತ್ರ ಒಳ್ಳೆಯ ಸ್ಪ್ರೂಸ್ ಹಾಕಿ ಗಿಟಾರ್ ಕಟ್ಟಿದ. ನಾದದ ಗುಟ್ಟು ಮೇಲ್ಹಲಗೆಯಲ್ಲಿದೆ ಎಂದು ತೋರಿಸುವುದೇ ಅವನ ಉದ್ದೇಶ. ಆ ಗಿಟಾರ್ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ನೂರೈವತ್ತು ವರ್ಷಗಳ ನಂತರ ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆಯನ್ನು ವಿಜ್ಞಾನಿಗಳು ಮತ್ತೆ ಎತ್ತಿಕೊಂಡರು. ಬೆನ್ನು ಮತ್ತು ಪಕ್ಕೆಗಳ ಮರ ಬಿಟ್ಟರೆ ಉಳಿದೆಲ್ಲ ಒಂದೇ ಆಗಿರುವ ಆರು ಗಿಟಾರುಗಳನ್ನು ಕಟ್ಟಿಸಿ, ಕಣ್ಣಿಗೆ ಕಾಣದಂತೆ ಮಾಡಿ, 52 ಗಿಟಾರ್ ವಾದಕರ ಕೈಗೆ ಕೊಟ್ಟರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ವಾದಕರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆ ಆರು ಮರಗಳಲ್ಲಿ ದುಬಾರಿ ಬ್ರೆಜಿಲಿಯನ್ ರೋಸ್‌ವುಡ್ಡೂ ಇತ್ತು, ನಮ್ಮ ಪಶ್ಚಿಮ ಘಟ್ಟದ ಬೀಟೆಯ ಜಾತಿಯ ಇಂಡಿಯನ್ ರೋಸ್‌ವುಡ್ಡೂ ಇತ್ತು, ಸಾಧಾರಣ ಮರಗಳೂ ಇದ್ದವು.

ಇದನ್ನು ಹಾಗೆಯೇ ಬಾಸ್‌ಗೆ ಅನ್ವಯಿಸಿ ಬೆನ್ನು ಲೆಕ್ಕಕ್ಕಿಲ್ಲ ಎಂದುಬಿಡುವುದು ಅವಸರವಾದೀತು. ಗಿಟಾರಿನಲ್ಲಿ ಸೌಂಡ್‌ಪೋಸ್ಟ್ ಇಲ್ಲ. ಬಾಸ್‌ನಲ್ಲಿ ಆ ಗೂಟ ಮೇಲ್ಹಲಗೆಯ ಚಲನೆಯನ್ನು ನೇರವಾಗಿ ಬೆನ್ನಿಗೆ ಒಯ್ಯುತ್ತದೆ. ಬೆನ್ನು ಎಷ್ಟು ಬಗ್ಗುತ್ತದೆ, ಎಷ್ಟು ತಡೆಯುತ್ತದೆ ಎಂಬುದರ ಮೇಲೆ ಮೇಲ್ಹಲಗೆಯ ನಡವಳಿಕೆಯೂ ಬದಲಾಗುತ್ತದೆ. ನುಡಿಸುವವರು ಪದೇಪದೇ ಹೇಳುವ ಮಾತು ಇದಕ್ಕೆ ಹೊಂದುತ್ತದೆ. ಹೈಬ್ರಿಡ್‌ನ ನಾದ ಬಿಗಿ, ಒಂದೆಡೆ ಕೂಡಿದಂತೆ, ಸ್ವರದಿಂದ ಸ್ವರಕ್ಕೆ ಹೆಚ್ಚು ಸಮ. ಒಳ್ಳೆಯ ಪೂರ್ಣ ಕೆತ್ತನೆಯ ನಾದ ಅಗಲ. ಸ್ವರ ಹುಟ್ಟಿದ ಮೇಲೂ ಅರಳುತ್ತಾ ಹೋಗುತ್ತದೆ, ಮೆಲ್ಲಗೆ ನುಡಿಸುವುದಕ್ಕೂ ಜೋರಾಗಿ ನುಡಿಸುವುದಕ್ಕೂ ನಡುವೆ ಹೆಚ್ಚು ಬಣ್ಣಗಳು ಸಿಗುತ್ತವೆ. ಆದರೆ ಅದೇ ಚುರುಕಿನ ಮೈಯಲ್ಲಿ ‘ವುಲ್ಫ್’ ಎಂದು ಕರೆಯುವ ಗುರುಗುಟ್ಟುವ ಸ್ವರಗಳ ಕಾಟವೂ ಹೆಚ್ಚು. ಎರಡರ ನಡುವೆ ಅಂತರ ಇದೆ. ಪ್ಲೈವುಡ್‌ನಿಂದ ಹೈಬ್ರಿಡ್‌ಗೆ ಏರಿದಾಗ ಆಗುವಷ್ಟು ದೊಡ್ಡ ಅಂತರವಲ್ಲ ಅದು.

ಕಿವಿಯ ತೀರ್ಪಿನಲ್ಲಿ ಕಣ್ಣು ಎಷ್ಟು ಕೈಯಾಡಿಸುತ್ತದೆ ಎಂಬುದಕ್ಕೂ ಪುರಾವೆ ಇದೆ. ಕ್ಲಾಡಿಯಾ ಫ್ರಿಟ್ಜ್ ಮತ್ತು ಜೋಸೆಫ್ ಕರ್ಟಿನ್ ತಂಡ ಪಿಟೀಲುಗಳ ಮೇಲೆ ನಡೆಸಿ 2012 ಮತ್ತು 2014ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಕಣ್ಣು ಮರೆಮಾಡಿ ನುಡಿಸಿದ ನುರಿತ ವಾದಕರಿಗೆ ಹಳೆಯ ಇಟಾಲಿಯನ್ ಪಿಟೀಲು ಯಾವುದು, ಹೊಸದು ಯಾವುದು ಎಂದು ಗುರುತಿಸಲಾಗಲಿಲ್ಲ. ಬಹಳ ಜನ ಹೊಸದನ್ನೇ ಮೆಚ್ಚಿದರು. ಬಾಸ್ ಲೋಕಕ್ಕೂ ಇಂಥ ಪಾಠ ಸಿಕ್ಕಿದೆ. ಸೆರ್ಗೆಯ್ ಕುಸೆವಿಟ್ಸ್ಕಿ ನುಡಿಸುತ್ತಿದ್ದು ಮುಂದೆ ಗ್ಯಾರಿ ಕಾರ್ ಅವರ ಕೈ ಸೇರಿದ ಪ್ರಸಿದ್ಧ ಬಾಸ್ 1611ರ ಅಮಾಟಿ ಎಂದೇ ದಶಕಗಳ ಕಾಲ ಹೆಸರಾಗಿತ್ತು. ಮರದ ವಾರ್ಷಿಕ ಉಂಗುರಗಳನ್ನು ಪರೀಕ್ಷಿಸಿದಾಗ ಅದು ಅಷ್ಟು ಹಳೆಯದಲ್ಲವೆಂದು ತಿಳಿಯಿತು. ಅದರ ನಾದ ಅದರಿಂದ ಒಂದಿಷ್ಟೂ ಕುಗ್ಗಲಿಲ್ಲ. ‘ಪೂರ್ಣ ಕೆತ್ತನೆ’ ಎಂಬ ಹೆಸರನ್ನು ಅಂಗಡಿಯಲ್ಲಿ ಕೇಳಿದೊಡನೆ ಕಿವಿ ಸೋಲುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು. ಒಬ್ಬರು ಬೆನ್ನು ತಿರುಗಿಸಿ ಕೇಳುವುದು, ಇನ್ನೊಬ್ಬರು ನುಡಿಸುವುದು. ಖರ್ಚಿಲ್ಲದ ಈ ಪರೀಕ್ಷೆಯನ್ನು ಯಾವ ಅಂಗಡಿಯಲ್ಲೂ ಮಾಡಬಹುದು.

ಕಮಾನು, ಬೆರಳು, ಪಿಕಪ್

ಅಂತರ ಎಷ್ಟು ಕೇಳಿಸುತ್ತದೆ ಎಂಬುದು ನುಡಿಸುವ ಬಗೆಯನ್ನು ಅವಲಂಬಿಸಿದೆ. ಕಮಾನು ಹಿಡಿದಾಗ ಅದು ಅತಿ ಹೆಚ್ಚು. ಕಮಾನು ತಂತಿಗೆ ನಿರಂತರವಾಗಿ ಶಕ್ತಿ ಊಡುತ್ತಿರುತ್ತದೆ, ಮೇಲಿನ ಉಪಸ್ವರಗಳೆಲ್ಲ ಎದ್ದು ನಿಲ್ಲುತ್ತವೆ, ಮೈಯ ಪ್ರತಿಯೊಂದು ಗುಣದೋಷವೂ ಬಯಲಿಗೆ ಬರುತ್ತದೆ. ಪೂರ್ಣ ಪ್ಲೈವುಡ್ ಬಾಸ್ ಸೋಲುವುದೇ ಇಲ್ಲಿ. ಹೈಬ್ರಿಡ್ ಗೌರವವಾಗಿ ಪಾಸಾಗುತ್ತದೆ. ಒಳ್ಳೆಯ ಪೂರ್ಣ ಕೆತ್ತನೆ ಇಲ್ಲಿ ತನ್ನ ಬೆಲೆಯನ್ನು ಸಮರ್ಥಿಸಿಕೊಳ್ಳುತ್ತದೆ. ಸಿಂಫನಿ ವಾದ್ಯವೃಂದದಲ್ಲಿ ಎಂಟು ಬಾಸ್‌ಗಳು ಒಂದೇ ಉಸಿರಿನಲ್ಲಿ ಸೇರಬೇಕಾದಲ್ಲಿ, ಆಯ್ಕೆಪರೀಕ್ಷೆಯ ಪರದೆಯ ಹಿಂದೆ ನಿಂತು ಮೆಲುದನಿಯ ಭಾಗ ನುಡಿಸಬೇಕಾದಲ್ಲಿ, ವೃತ್ತಿಪರರ ಕೈಯಲ್ಲಿ ಪೂರ್ಣ ಕೆತ್ತನೆಯೇ ಕಾಣುವುದು ಬರೀ ಪ್ರತಿಷ್ಠೆಗಲ್ಲ.

ಬೆರಳಿನಿಂದ ಮೀಟುವ ಜಾಜ್‌ನಲ್ಲಿ ಚಿತ್ರ ಬದಲಾಗುತ್ತದೆ. ಮೀಟಿದ ಸ್ವರ ಹುಟ್ಟಿದ ಕ್ಷಣದಿಂದಲೇ ಕರಗತೊಡಗುತ್ತದೆ. ಅಲ್ಲಿ ಕೆತ್ತಿದ ಮೇಲ್ಹಲಗೆ ಕೊಡುವ ಸ್ಪಷ್ಟತೆ ಮತ್ತು ಉಕ್ಕಿನ ತಂತಿ ಕೊಡುವ ದೀರ್ಘತೆ ದೊಡ್ಡ ಪಾಲು. ಕರುಳಿನ ತಂತಿಗಳ ಕಾಲ ಕಳೆದು 1950ರ ನಂತರ ಉಕ್ಕಿನ ತಂತಿಗಳು ಹರಡಿದಾಗ ಬಾಸ್‌ನ ನಾದವೇ ಬದಲಾಯಿತು. ವಿಯೆನ್ನಾದ ಥೋಮಾಸ್ಟಿಕ್ ಕಂಪನಿಯ ಸ್ಪೈರೋಕೋರ್ ತಂತಿ ಇವತ್ತಿಗೂ ಜಾಜ್ ವಾದಕರ ಮೊದಲ ಆಯ್ಕೆಗಳಲ್ಲಿ ಒಂದು. ಒಂದೇ ಬಾಸ್‌ಗೆ ಕರುಳಿನ ತಂತಿ ಹಾಕಿ, ಆಮೇಲೆ ಸ್ಪೈರೋಕೋರ್ ಹಾಕಿ ಕೇಳಿದರೆ ಸಿಗುವ ಅಂತರ, ಎಷ್ಟೋ ಸಲ ಬೆನ್ನಿನ ಮರ ಬದಲಿಸಿದ್ದಕ್ಕಿಂತ ಹೆಚ್ಚು.

ಪಿಕಪ್ ಹಾಕಿ ಆಂಪ್ಲಿಫೈಯರಿಗೆ ಜೋಡಿಸಿದ ಮೇಲೆ ಬೆನ್ನಿನ ಮಾತು ಇನ್ನೂ ಹಿಂದೆ ಸರಿಯುತ್ತದೆ. ಪಿಕಪ್ ಸಾಮಾನ್ಯವಾಗಿ ಬ್ರಿಡ್ಜಿನಲ್ಲಿ ಅಥವಾ ಅದರ ಕಾಲಡಿಯಲ್ಲಿ ಕೂತು ಅಲ್ಲಿನ ಕಂಪನವನ್ನು ಎತ್ತಿಕೊಳ್ಳುತ್ತದೆ, ಇಡೀ ಮೈ ಗಾಳಿಗೆ ತಳ್ಳುವ ನಾದವನ್ನಲ್ಲ. ವೇದಿಕೆಯ ಸ್ಪೀಕರಿನ ಸದ್ದು ತಿರುಗಿ ಬಾಸ್‌ನ ಮೈಯನ್ನೇ ಅಲುಗಿಸಿ ಫೀಡ್‌ಬ್ಯಾಕ್ ಹುಟ್ಟಿಸಿದಾಗ, ಚುರುಕಾದ ಪೂರ್ಣ ಕೆತ್ತನೆಯ ಮೈ ಮೊದಲು ಬಲಿಯಾಗುತ್ತದೆ. ಡ್ರಮ್, ಪಿಯಾನೋ, ಸ್ಯಾಕ್ಸೋಫೋನುಗಳ ನಡುವೆ ಪ್ರತಿ ವಾರ ನುಡಿಸುವ ವಾದಕನಿಗೆ ಹೈಬ್ರಿಡ್‌ನ ಬಿಗಿಮೈ ಕೊರತೆಯಾಗಿ ಕಾಣಬೇಕಿಲ್ಲ.

ಮಳೆಗಾಲ, ಬೇಸಿಗೆ, ಬಿರುಕು

ಹೈಬ್ರಿಡ್ ಪರವಾಗಿ ಅಂಗಡಿಯವರು ಮೊದಲು ಹೇಳುವ ಮಾತು: ಬಿರುಕು ಬಿಡುವುದಿಲ್ಲ. ಇದು ಅರ್ಧ ಸತ್ಯ.

ಮರ ತೇವ ಹೀರಿದಾಗ ಎಳೆಯ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಕ್ಕೆ ಚೆನ್ನಾಗಿ ಹಿಗ್ಗುತ್ತದೆ. ಬಾಸ್‌ನ ಕೆಳಭಾಗದ ಅಗಲ 65 ಸೆಂಟಿಮೀಟರಿಗೂ ಹೆಚ್ಚು. ಗಾಳಿಯ ತೇವಾಂಶ ಶೇ. 40ರಿಂದ 80ಕ್ಕೆ ಏರಿ ನಿಂತರೆ, ಅಂಚು ಹಿಡಿದಿಡದ ಅಷ್ಟಗಲದ ಸ್ಪ್ರೂಸ್ ಹಲಗೆ ಐದಾರು ಮಿಲಿಮೀಟರ್ ಅಗಲವಾಗಬಲ್ಲದು. ಅಂಚು ಅಂಟಿಕೊಂಡಿರುವುದರಿಂದ ಆ ಹಿಗ್ಗು ಉಬ್ಬಾಗಿ ಮೇಲೇಳುತ್ತದೆ, ತಂತಿಗಳು ಬೆರಳುಹಲಗೆಯಿಂದ ದೂರ ಸರಿಯುತ್ತವೆ. ಒಣಗಿದಾಗ ಕುಗ್ಗುತ್ತದೆ. ಕುಗ್ಗಲು ಜಾಗವಿಲ್ಲದಿದ್ದರೆ ಸೀಳುತ್ತದೆ. ವಾದ್ಯಗಳಿಗೆ ಶೇ. 40ರಿಂದ 60ರ ತೇವಾಂಶ ಒಳ್ಳೆಯದೆಂದು ಕುಶಲಕರ್ಮಿಗಳು ಹೇಳುವುದು ಇದಕ್ಕೇ. ಜುಲೈ ತಿಂಗಳ ಮಂಗಳೂರಿನಲ್ಲಿ ತೇವಾಂಶ ಶೇ. 90ರ ಹತ್ತಿರ ಇರುತ್ತದೆ. ಮಾರ್ಚ್ ತಿಂಗಳ ಬೆಂಗಳೂರಿನ ಮಧ್ಯಾಹ್ನ ಅದು ಶೇ. 30ಕ್ಕೂ ಕೆಳಗಿಳಿಯುವುದುಂಟು. ಚಳಿಗಾಲದಲ್ಲಿ ಹೀಟರ್ ಹಾಕಿದ ಅಮೆರಿಕದ ಮನೆಗಳಲ್ಲಿ ಗಾಳಿ ಇನ್ನೂ ಒಣಗಿರುತ್ತದೆ. ಮಕ್ಕಳನ್ನು ಶಾಲೆಯ ಆರ್ಕೆಸ್ಟ್ರಾಕ್ಕೆ ಸೇರಿಸಿರುವ ಅಲ್ಲಿನ ಕನ್ನಡ ಕುಟುಂಬಗಳಿಗೂ ಇದು ದೂರದ ವಿಷಯವಲ್ಲ.

ಪ್ಲೈವುಡ್‌ನಲ್ಲಿ ಅಡ್ಡ ಪದರಗಳು ಒಂದನ್ನೊಂದು ಹಿಡಿದಿರುವುದರಿಂದ ಈ ಹಿಗ್ಗುಕುಗ್ಗು ತೀರಾ ಕಡಿಮೆ. ಹಾಗಾಗಿ ಹೈಬ್ರಿಡ್‌ನ ಬೆನ್ನು ಮತ್ತು ಪಕ್ಕೆಗಳು ಬಿರುಕಿನ ಭಯದಿಂದ ಬಹುತೇಕ ಮುಕ್ತ. ಚಪ್ಪಟೆ ಬೆನ್ನಿನ ಪೂರ್ಣ ಕೆತ್ತನೆಯ ವಾದ್ಯಕ್ಕೆ ಹೋಲಿಸಿದರೆ ಇದು ದೊಡ್ಡ ಅನುಕೂಲ. ಅಲ್ಲಿ ಬೆನ್ನಿನ ಎಳೆ ಒಂದು ಕಡೆ, ಅಡ್ಡಪಟ್ಟಿಯ ಎಳೆ ಇನ್ನೊಂದು ಕಡೆ. ಒಂದು ಹಿಗ್ಗಿದಾಗ ಇನ್ನೊಂದು ಬಿಡುವುದಿಲ್ಲ. ಋತು ಬದಲಾದಾಗಲೆಲ್ಲ ಅಂಟು ಬಿಡುವುದು, ಸೀಳುವುದು ಚಪ್ಪಟೆ ಬೆನ್ನಿನ ಹಳೆಯ ಕಾಯಿಲೆ.

ಆದರೆ ಹೈಬ್ರಿಡ್‌ನ ಮೇಲ್ಹಲಗೆ ಗಟ್ಟಿ ಸ್ಪ್ರೂಸ್ ತಾನೇ? ಬಿರುಕು ಹೆಚ್ಚಾಗಿ ಕಾಣುವುದೂ ಅಲ್ಲೇ. ಅದು ಹಿಗ್ಗುವಾಗ ಕೆಳಗಿನ ಪೆಟ್ಟಿಗೆ ಹಿಗ್ಗುವುದಿಲ್ಲ. ಉಬ್ಬು ಬೆನ್ನಿನ ಪೂರ್ಣ ಕೆತ್ತನೆಯಲ್ಲಿ ಎರಡೂ ಹಲಗೆಗಳು ಸುಮಾರಾಗಿ ಜೊತೆಯಲ್ಲೇ ಏರಿಳಿಯುತ್ತವೆ. ಹೈಬ್ರಿಡ್‌ನಲ್ಲಿ ಆ ಜೊತೆಯೂ ಇಲ್ಲ. ಆದ್ದರಿಂದ ತೇವಾಂಶದ ಮೇಲೆ ಕಣ್ಣಿಡುವ ಜವಾಬ್ದಾರಿಯಿಂದ ಹೈಬ್ರಿಡ್ ಕೊಂಡವರಿಗೆ ಬಿಡುಗಡೆ ಸಿಗುವುದಿಲ್ಲ. ಸಿಗುವುದು ಬೆನ್ನಿನ ಕಡೆಯ ನೆಮ್ಮದಿ ಮಾತ್ರ. ಏನೂ ಜಾಗ್ರತೆ ವಹಿಸಲಾಗದ ಶಾಲೆಗೆ, ಕರಾವಳಿಯ ತೆರೆದ ಮನೆಗೆ ಪೂರ್ಣ ಪ್ಲೈವುಡ್ಡೇ ಪ್ರಾಮಾಣಿಕ ಆಯ್ಕೆ.

ದುರಸ್ತಿಯ ಮಾತು ಬಂದರೆ ತಕ್ಕಡಿ ಇನ್ನೊಂದು ಕಡೆ ವಾಲುತ್ತದೆ. ಕೆತ್ತನೆಯ ವಾದ್ಯವನ್ನು ಬಿಚ್ಚಿ ಮತ್ತೆ ಕೂಡಿಸಲೆಂದೇ ಕಟ್ಟಿರುತ್ತಾರೆ. ಪ್ರಾಣಿಗಳ ಚರ್ಮದಿಂದ ಕಾಸಿದ ಅಂಟು ಬಿಸಿಗೂ ನೀರಿಗೂ ಬಿಡುತ್ತದೆ. ಬಿರುಕನ್ನು ಕೂಡಿಸಿ ಒಳಗಿನಿಂದ ಚಿಕ್ಕ ಮರದ ತುಂಡುಗಳನ್ನು ಅಂಟಿಸಿದರೆ ಇನ್ನೊಂದು ತಲೆಮಾರು ಬಾಳುತ್ತದೆ. ಜಾಜ್ ವಾದಕ ಸ್ಕಾಟ್ ಲಫಾರೋ 1961ರ ಜುಲೈಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ, ನ್ಯೂ ಹ್ಯಾಂಪ್‌ಷೈರಿನ ಏಬ್ರಹಾಂ ಪ್ರೆಸ್ಕಾಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಅವನ ಬಾಸ್ ಕೂಡ ನುಜ್ಜುಗುಜ್ಜಾಗಿತ್ತು. ಕೋಲ್‌ಸ್ಟೀನ್ ಕುಟುಂಬದ ಕುಶಲಕರ್ಮಿಗಳು ಅದನ್ನು ಮತ್ತೆ ನುಡಿಯುವಂತೆ ಮಾಡಿದರು. ಪ್ಲೈವುಡ್ ಮೈ ಒಡೆಯುವುದು ಅಪರೂಪ. ಪದರಗಳು ಬಿಟ್ಟುಕೊಂಡರೆ ಅಥವಾ ತೂತು ಬಿದ್ದರೆ ಮಾತ್ರ ಅಚ್ಚುಕಟ್ಟಾದ ರಿಪೇರಿ ಕಷ್ಟ, ಖರ್ಚು ವಾದ್ಯದ ಬೆಲೆಗೆ ಹೊಂದುವುದೂ ಇಲ್ಲ.

ಹೆಸರಿನ ಹಿಂದಿನ ಕೆಲಸ

ಇಲ್ಲಿಯವರೆಗೆ ‘ಒಳ್ಳೆಯ’ ಪೂರ್ಣ ಕೆತ್ತನೆ ಎಂದು ಮತ್ತೆ ಮತ್ತೆ ಬರೆದದ್ದಕ್ಕೆ ಕಾರಣವಿದೆ. ಕೆತ್ತನೆ ಎಂಬುದು ಗುಣಮಟ್ಟದ ಮುದ್ರೆಯಲ್ಲ, ತಯಾರಿಯ ಪದ್ಧತಿ ಅಷ್ಟೇ. ಹಲಗೆಯನ್ನು ತೆಳುವಾಗಿಸುತ್ತಾ ಹೋದಂತೆ ಒಡೆಯುವ ಅಪಾಯ ಹೆಚ್ಚು, ಕೈಕೆಲಸದ ಹೊತ್ತೂ ಹೆಚ್ಚು. ಆದ್ದರಿಂದ ಅಗ್ಗದ ಪೂರ್ಣ ಕೆತ್ತನೆಯ ಬಾಸ್‌ಗಳಲ್ಲಿ ಹಲಗೆಯನ್ನು ದಪ್ಪವಾಗಿಯೇ ಬಿಟ್ಟುಬಿಡುತ್ತಾರೆ. ದಪ್ಪ ಹಲಗೆ ಮುರಿಯುವುದಿಲ್ಲ, ಹಾಡುವುದೂ ಇಲ್ಲ. ಅಂಥ ವಾದ್ಯಕ್ಕಿಂತ, ಮೇಲ್ಹಲಗೆಯನ್ನು ಸರಿಯಾಗಿ ತಿದ್ದಿದ ಹೈಬ್ರಿಡ್ ಯಾವ ಲೆಕ್ಕದಲ್ಲೂ ಮೇಲು. ಒಂದೇ ಹಲಸಿನ ದಿಮ್ಮಿಯಲ್ಲಿ ಕೊರೆದ ಏಕಾಂಡ ವೀಣೆಗೆ ನಮ್ಮಲ್ಲಿ ಮರ್ಯಾದೆ ಹೆಚ್ಚು. ಆದರೂ ಮೇಣದ ಮೇಲೆ ಮೆಟ್ಟಿಲು ಸರಿಯಾಗಿ ಕೂರದಿದ್ದರೆ ಆ ವೀಣೆಯೂ ಸ್ವರ ಹೇಳುವುದಿಲ್ಲ ಎಂಬುದು ನುಡಿಸುವವರಿಗೆಲ್ಲ ಗೊತ್ತು.

ಬಾಸ್‌ನಲ್ಲಿ ಆ ಮಾತು ಸೆಟಪ್‌ಗೆ, ಅಂದರೆ ಬ್ರಿಡ್ಜ್, ಸೌಂಡ್‌ಪೋಸ್ಟ್, ಬೆರಳುಹಲಗೆಗಳ ಹೊಂದಾಣಿಕೆಗೆ, ಸಲ್ಲುತ್ತದೆ. ಕಾರ್ಖಾನೆಯಿಂದ ಬಂದ ಬಾಸ್‌ನ ಬ್ರಿಡ್ಜ್ ಬಹುಮಟ್ಟಿಗೆ ದಪ್ಪ, ಕಾಲುಗಳು ಹಲಗೆಯ ಉಬ್ಬಿಗೆ ಸರಿಯಾಗಿ ಕೂತಿರುವುದಿಲ್ಲ. ಸೌಂಡ್‌ಪೋಸ್ಟ್ ಕೆಲವು ಮಿಲಿಮೀಟರ್ ಸರಿದರೂ ನಾದ ಬದಲಾಗುತ್ತದೆ. ಬೆರಳುಹಲಗೆಯನ್ನು ಸಮ ಮಾಡಬೇಕು. ಅದು ಕರಿಮರದ್ದೋ, ಬೀಟೆಯದೋ, ಕಪ್ಪು ಬಣ್ಣ ಬಳಿದ ಬೇರೆ ಮರದ್ದೋ ಎಂಬುದನ್ನೂ ನೋಡಬೇಕು, ಏಕೆಂದರೆ ಮೆತ್ತನೆಯ ಮರದಲ್ಲಿ ಉಕ್ಕಿನ ತಂತಿ ಬೇಗ ಗೀರು ಬೀಳಿಸುತ್ತದೆ. ಈ ಕೆಲಸಗಳಿಗೆ ಒಬ್ಬ ನುರಿತ ಲೂಥಿಯರ್, ಅಂದರೆ ತಂತಿವಾದ್ಯ ಕಟ್ಟಿ ತಿದ್ದುವ ಕುಶಲಕರ್ಮಿ ಬೇಕು, ದುಡ್ಡೂ ಬೇಕು. ಇದ್ದ ದುಡ್ಡನ್ನೆಲ್ಲ ಬೆನ್ನಿನ ಮೇಪಲ್‌ಗೆ ಸುರಿದು, ಸೆಟಪ್‌ಗೆ ಏನೂ ಉಳಿಸದೆ ಮನೆಗೆ ಬಂದವರು ಪೂರ್ಣ ಕೆತ್ತನೆಯ ಬಾಸ್ ಕೊಂಡಿರುತ್ತಾರೆ, ಅದರ ನಾದವನ್ನು ಕೊಂಡಿರುವುದಿಲ್ಲ.

ದುಡ್ಡಿನ ಲೆಕ್ಕ, ಕೊನೆಯ ತೂಕ

ಮರುಮಾರಾಟದ ಮಾರುಕಟ್ಟೆ ಪೂರ್ಣ ಕೆತ್ತನೆಯ ಪಕ್ಷಪಾತಿ. ಹೆಸರಾಂತ ಕೈಯಿಂದ ಬಂದ ಕೆತ್ತನೆಯ ಬಾಸ್ ಬೆಲೆ ಉಳಿಸಿಕೊಳ್ಳುತ್ತದೆ, ಕೆಲವೊಮ್ಮೆ ಏರುತ್ತದೆ ಕೂಡ. ಹೈಬ್ರಿಡ್ ಕಾರ್ಖಾನೆಯ ಸರಕು. ಬೆಲೆ ಸ್ವಲ್ಪ ಇಳಿದು ಒಂದೆಡೆ ನಿಲ್ಲುತ್ತದೆ. ಆದರೆ ಪ್ರಯಾಣದಲ್ಲಿ ಪೆಟ್ಟು ಬಿದ್ದರೆ ಹೋಗುವ ಮೊತ್ತವೂ ಕಡಿಮೆ. ವಿಮಾನದಲ್ಲಿ ಬಾಸ್ ಒಯ್ಯುವುದು ಎಷ್ಟು ಕಷ್ಟವೆಂದರೆ ಕತ್ತು ಬಿಚ್ಚಬಹುದಾದ ವಾದ್ಯಗಳನ್ನೇ ಕಟ್ಟಿಸಿಕೊಳ್ಳುವವರಿದ್ದಾರೆ, ಹೋದ ಊರಿನಲ್ಲೇ ಬಾಡಿಗೆಗೆ ಪಡೆಯುವವರಿದ್ದಾರೆ. ಮನೆಯಲ್ಲೊಂದು ಪೂರ್ಣ ಕೆತ್ತನೆ, ಹೊರಗಿನ ಕಾರ್ಯಕ್ರಮಗಳಿಗೊಂದು ಹೈಬ್ರಿಡ್ ಇಟ್ಟುಕೊಂಡ ವೃತ್ತಿಪರರೂ ಇದ್ದಾರೆ. ಇನ್ನೊಂದು ದಿಕ್ಕಿನಲ್ಲಿ, ಹವೆಗೆ ಜಗ್ಗದ ಕಾರ್ಬನ್ ಫೈಬರ್ ಬಾಸ್‌ಗಳೂ ಬಂದಿವೆ. ಅವು ಈ ವಾದದ ಹೊರಗಿನ ಮೂರನೆಯ ಪಕ್ಷ.

ಹಾಗಾದರೆ ಯಾರಿಗೆ ಯಾವುದು? ಕಮಾನಿನ ಮೇಲೆಯೇ ಬದುಕು ಕಟ್ಟಲಿರುವ, ಸಂಗೀತ ಕಾಲೇಜಿನ ಅಥವಾ ವಾದ್ಯವೃಂದದ ಬಾಗಿಲು ತಟ್ಟುವ ವಿದ್ಯಾರ್ಥಿಗೆ ಪೂರ್ಣ ಕೆತ್ತನೆ ಬೇಕು. ಅವನು ಹೊಸದಕ್ಕಿಂತ ಹಳೆಯ, ಒಳ್ಳೆಯ ರಿಪೇರಿ ಆಗಿರುವ ವಾದ್ಯ ಹುಡುಕುವುದು ಲೇಸು. ಜಾಜ್ ಮೀಟುವವರಿಗೆ, ಪಿಕಪ್ ಹಾಕುವವರಿಗೆ, ವಾರದ ಕೊನೆಗೆ ಊರೂರು ಅಲೆಯುವವರಿಗೆ, ಹವೆ ಏರುಪೇರಾಗುವ ಊರಿನಲ್ಲಿ ಸ್ವಲ್ಪವಾದರೂ ಜಾಗ್ರತೆ ವಹಿಸಬಲ್ಲವರಿಗೆ ಹೈಬ್ರಿಡ್ ಸಾಕು. ಈ ‘ಸಾಕು’ ರಾಜಿಯ ಮಾತಲ್ಲ. ಅವರ ಕೆಲಸಕ್ಕೆ ಅದು ಹೇಳಿಮಾಡಿಸಿದ ವಾದ್ಯ. ಎರಡರ ನಡುವೆ ತೂಗಾಡುತ್ತಾ ಕೈಯಲ್ಲಿರುವ ದುಡ್ಡಿಗೆ ಅಗ್ಗದ ಪೂರ್ಣ ಕೆತ್ತನೆಯೂ ದುಬಾರಿ ಹೈಬ್ರಿಡ್ಡೂ ಒಟ್ಟಿಗೆ ಸಿಗುವವರು ಮಾತ್ರ ಹೆಚ್ಚು ಎಚ್ಚರವಾಗಿರಬೇಕು. ಆ ಬೆಲೆಯಲ್ಲಿ ಹೈಬ್ರಿಡ್‌ನ ಮೇಲ್ಹಲಗೆಗೆ ಸಿಕ್ಕಿರುವ ಕೈಕೆಲಸ ಪೂರ್ಣ ಕೆತ್ತನೆಯದಕ್ಕೆ ಸಿಕ್ಕಿರುವುದು ಅಪರೂಪ. ಅಲ್ಲಿ ಹೈಬ್ರಿಡ್ ಕೊಂಡು, ಉಳಿದ ದುಡ್ಡನ್ನು ಲೂಥಿಯರ್‌ನ ಮೇಜಿನ ಮೇಲಿಡುವುದೇ ಜಾಣತನ.